ಸೂರ್ಯನ ಕರೋನಾದ ಮಂಕು ಪ್ರದೇಶಗಳು: ನೌಕೆಗಳ ಚಿತ್ರಗಳಲ್ಲಿ ಗುರುತಿಸಿ ಅಳೆಯುವ ಸಮಗ್ರ ಮಾರ್ಗದರ್ಶಿ

2011ರ ಫೆಬ್ರವರಿ 15ರಂದು, ಭಾರತದ ಗಡಿಯಾರಗಳಲ್ಲಿ ಬೆಳಿಗ್ಗೆ 7 ಗಂಟೆ 14 ನಿಮಿಷವಾಗಿದ್ದಾಗ, 11158 ಎಂಬ ಸಂಖ್ಯೆಯ ಸೌರಕಲೆಗಳ ಗುಂಪಿನಲ್ಲಿ ಸೌರಜ್ವಾಲೆಯೊಂದು ಎದ್ದಿತು. 12 ನಿಮಿಷಗಳಲ್ಲಿ ಅದು ಎಕ್ಸ್ 2.2 ಮಟ್ಟಕ್ಕೇರಿ, 24ನೆಯ ಸೌರಚಕ್ರದ ಮೊದಲ ಎಕ್ಸ್ ವರ್ಗದ, ಅಂದರೆ ಅತಿ ಪ್ರಬಲ ವರ್ಗದ, ಜ್ವಾಲೆ ಎನಿಸಿಕೊಂಡಿತು. ಎಲ್ಲರ ಕಣ್ಣು ಹೋದದ್ದು ಆ ಬೆಳಕಿನ ಕಡೆಗೆ. ಆದರೆ ಅದೇ ಹೊತ್ತಿನಲ್ಲಿ, ಜ್ವಾಲೆಯ ಮಗ್ಗುಲಲ್ಲೇ, ಸೂರ್ಯನ ಹೊರ ವಾತಾವರಣವಾದ ಕರೋನಾದ ದೊಡ್ಡ ಭಾಗವೊಂದು ಮಂಕಾಯಿತು. ಸೂರ್ಯನಿಂದ ದ್ರವ್ಯ ಹೊರಬಿತ್ತೇ, ಬಿದ್ದಿದ್ದರೆ ಎಲ್ಲಿಂದ, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಆ ಮಂಕಿನಲ್ಲಿ. ಜ್ವಾಲೆ ಎಷ್ಟೇ ದೊಡ್ಡದಿರಲಿ, ದ್ರವ್ಯ ಹೊರಬಿದ್ದೇ ಬಿದ್ದಿದೆ ಎಂದು ಅದೊಂದೇ ಹೇಳಲಾರದು.

ಈ ಮಾರ್ಗದರ್ಶಿ ಆ ಒಂದು ಘಟನೆಯನ್ನೇ ಮಾದರಿಯಾಗಿ ಇಟ್ಟುಕೊಂಡು, ಮಂಕು ಪ್ರದೇಶವನ್ನು ಹುಡುಕುವುದರಿಂದ ಹಿಡಿದು ಹೊರಟುಹೋದ ದ್ರವ್ಯವನ್ನು ಅಂದಾಜಿಸುವವರೆಗಿನ ದಾರಿಯನ್ನು ಹೇಳುತ್ತದೆ. ಬೇಕಾದದ್ದು ಒಂದು ಕಂಪ್ಯೂಟರ್, ಇಂಟರ್ನೆಟ್ ಸಂಪರ್ಕ ಮತ್ತು ಪೈಥಾನ್ ಭಾಷೆಯ ಸಾಧಾರಣ ಪರಿಚಯ. ಮೊದಲ ಮೂರು ಹಂತಗಳಿಗೆ ಪೈಥಾನ್ ಕೂಡ ಬೇಡ. ದತ್ತಾಂಶವೆಲ್ಲ ಉಚಿತ. ಬಿ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬರು ಇದನ್ನು ಪ್ರಾಜೆಕ್ಟ್ ಆಗಿ ಮಾಡಿ ಮುಗಿಸಬಹುದು. ಮಾಡಬೇಕು ಎಂಬುದು ನನ್ನ ಆಸೆ.

ಮೊದಲು ತಿಳಿದಿರಬೇಕಾದದ್ದು: ಕಪ್ಪುಗಳಲ್ಲಿ ಮೂರು ಬಗೆ

ಕರೋನಾದ ಅತಿನೇರಳೆ ಚಿತ್ರದಲ್ಲಿ ಕಪ್ಪಾಗಿ ಕಂಡದ್ದೆಲ್ಲ ಒಂದೇ ಅಲ್ಲ. ಮೊದಲನೆಯದು ಕರೋನಾ ರಂಧ್ರ. ಅಲ್ಲಿ ಕಾಂತರೇಖೆಗಳು ಸೂರ್ಯನಿಗೆ ಮರಳದೆ ಅಂತರಗ್ರಹ ಅವಕಾಶಕ್ಕೆ ತೆರೆದುಕೊಂಡಿರುತ್ತವೆ, ಪ್ಲಾಸ್ಮಾ ಅವುಗಳ ಗುಂಟ ಸತತವಾಗಿ ಹರಿದುಹೋಗುತ್ತಿರುತ್ತದೆ. ಹೀಗಾಗಿ ಸಾಂದ್ರತೆ ಕಡಿಮೆ, ಬೆಳಕೂ ಕಡಿಮೆ. 1973–74ರಲ್ಲಿ ಸ್ಕೈಲ್ಯಾಬ್ ಗಗನನಿಲ್ದಾಣದ ಎಕ್ಸ್-ಕಿರಣ ದೂರದರ್ಶಕ ಈ ರಂಧ್ರಗಳನ್ನು ತಿಂಗಳುಗಟ್ಟಲೆ ಚಿತ್ರಿಸಿತು. ವೇಗದ ಸೌರಮಾರುತ ಹೊರಡುವುದು ಇಲ್ಲಿಂದಲೇ ಎಂಬುದು ಸ್ಪಷ್ಟವಾದದ್ದೂ ಆ ವರ್ಷಗಳಲ್ಲೇ. ಒಂದು ರಂಧ್ರ ವಾರಗಳಿಂದ ತಿಂಗಳುಗಳವರೆಗೆ ಬಾಳುತ್ತದೆ, ಸೂರ್ಯ ತಿರುಗಿದಂತೆ ಸುಮಾರು 27 ದಿನಗಳಿಗೊಮ್ಮೆ ಮತ್ತೆ ನಮ್ಮೆದುರು ಬರುತ್ತದೆ.

ಎರಡನೆಯದು ಸೌರತಂತು. ಕಾಂತಕ್ಷೇತ್ರದ ಆಸರೆಯಲ್ಲಿ ತೂಗಿಕೊಂಡಿರುವ ಈ ಪ್ಲಾಸ್ಮಾ ಸುಮಾರು 10,000 ಕೆಲ್ವಿನ್‌ನಷ್ಟು ತಣ್ಣಗೂ ದಟ್ಟವಾಗಿಯೂ ಇರುತ್ತದೆ. ಹಿಂದಿನಿಂದ ಬರುವ ಅತಿನೇರಳೆ ಬೆಳಕನ್ನು ಅದು ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದೆ. ಅಂದರೆ ಇಲ್ಲಿ ಕಪ್ಪಿನ ಅರ್ಥ ತೀರಾ ವಿರುದ್ಧ: ದ್ರವ್ಯ ಕಡಿಮೆಯಲ್ಲ, ಹೆಚ್ಚು.

ಮೂರನೆಯದೇ ನಮ್ಮ ವಿಷಯವಾದ ಕರೋನಾ ಮಂಕು. ನಿಮಿಷಗಳಲ್ಲಿ ಹುಟ್ಟಿ, ಅರ್ಧ ಅಥವಾ ಒಂದು ಗಂಟೆಯಲ್ಲಿ ಹರಡಿ, ಹಲವು ಗಂಟೆಗಳ ಕಾಲ ಉಳಿದು, ಮೆಲ್ಲನೆ ತುಂಬಿಕೊಳ್ಳುತ್ತದೆ. ಸ್ಕೈಲ್ಯಾಬ್ ಚಿತ್ರಗಳಲ್ಲೇ ಇದರ ಸುಳಿವಿತ್ತು. 1980ರ ದಶಕದಲ್ಲಿ ಇದನ್ನು ಕ್ಷಣಿಕ ಕರೋನಾ ರಂಧ್ರ ಎಂದು ಕರೆದದ್ದೂ ಉಂಟು. ಚಿತ್ರ ತಿಳಿಯಾದದ್ದು 1997ರಲ್ಲಿ. ಆ ವರ್ಷ ಏಪ್ರಿಲ್ 7ರ ಸ್ಫೋಟದಲ್ಲಿ ಜಪಾನಿನ ಯೋಹ್ಕೋ ನೌಕೆಯ ಎಕ್ಸ್-ಕಿರಣ ಚಿತ್ರಗಳು, ಮೇ 12ರ ಸ್ಫೋಟದಲ್ಲಿ ಸೋಹೋ ನೌಕೆಯ ಅತಿನೇರಳೆ ಚಿತ್ರಗಳು, ಭೂಮಿಯತ್ತ ಹೊರಟ ದ್ರವ್ಯ ಉತ್ಸರ್ಜನೆಗಳ ಬುಡದಲ್ಲಿ ಜೋಡಿ ಮಂಕುಗಳನ್ನು ತೋರಿಸಿದವು.

ಕರೋನಾದ ಅತಿನೇರಳೆ ಹೊಳಪು ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾಂದ್ರತೆ ಅರ್ಧವಾದರೆ ಹೊಳಪು ಕಾಲುಭಾಗಕ್ಕೆ ಇಳಿಯುತ್ತದೆ. ದ್ರವ್ಯದ ಸ್ವಲ್ಪ ನಷ್ಟವೂ ಚಿತ್ರದಲ್ಲಿ ಎದ್ದು ಕಾಣಲು ಇದೇ ಕಾರಣ. ಇಡೀ ವಿಧಾನ ನಿಂತಿರುವುದು ಈ ನಂಟಿನ ಮೇಲೆ.

ಹಂತ 1: ಘಟನೆಯನ್ನು ಆರಿಸಿಕೊಳ್ಳಿ

ಮೊದಲ ಅಭ್ಯಾಸಕ್ಕೆ ಸೌರಬಿಂಬದ ನಡುವಿನ ಸಮೀಪ ನಡೆದ ಘಟನೆಯೇ ಇರಲಿ. ಅಂಚಿನಲ್ಲಿ ವಿಸ್ತೀರ್ಣ ಕುಗ್ಗಿ ಕಾಣುತ್ತದೆ, ಎತ್ತರದ ಕಾಂತ ಕುಣಿಕೆಗಳು ಅಡ್ಡ ಬರುತ್ತವೆ. 11158 ಗುಂಪು ಆ ದಿನ ಮಧ್ಯರೇಖೆಯಿಂದ ಪಶ್ಚಿಮಕ್ಕೆ ಸ್ವಲ್ಪವೇ ಸರಿದು, ಸೌರ ಸಮಭಾಜಕದಿಂದ ಸುಮಾರು 20 ಡಿಗ್ರಿ ದಕ್ಷಿಣದಲ್ಲಿತ್ತು. ನಾವು ಬಳಸುವುದು ನಾಸಾದ ಸೋಲಾರ್ ಡೈನಮಿಕ್ಸ್ ಅಬ್ಸರ್ವೇಟರಿಯ, ಅಂದರೆ ಎಸ್‌ಡಿಒ ನೌಕೆಯ ಚಿತ್ರಗಳನ್ನು. 2010ರ ಫೆಬ್ರವರಿ 11ರಂದು ಹಾರಿದ ಈ ನೌಕೆಯ ಎಐಎ ಉಪಕರಣ ಇಡೀ ಸೂರ್ಯನನ್ನು 4096 × 4096 ಪಿಕ್ಸೆಲ್‌ಗಳಲ್ಲಿ, ಒಂದೊಂದು ಅತಿನೇರಳೆ ತರಂಗಾಂತರದಲ್ಲಿ 12 ಸೆಕೆಂಡಿಗೊಮ್ಮೆ ಸೆರೆಹಿಡಿಯುತ್ತದೆ.

ಎಲ್ಲ ದಾಖಲೆಗಳಲ್ಲೂ ಸಮಯ ಸಾರ್ವತ್ರಿಕ ಕಾಲಮಾನದಲ್ಲಿರುತ್ತದೆ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದುಕೊಳ್ಳಿ: ಜ್ವಾಲೆಯ ಆರಂಭ 01:44, ಶಿಖರ 01:56, ಅಂತ್ಯ 02:06. ಮುಂದೆ ಕೊಡುವ ಸಮಯಗಳೆಲ್ಲ ಇದೇ ಲೆಕ್ಕದವು.

ಬೇರೆ ಘಟನೆ ಆರಿಸುವವರಿಗೆ ಒಂದು ಎಚ್ಚರಿಕೆ. ಎಸ್‌ಡಿಒ ಭೂಮಿಯನ್ನು ಸುತ್ತುವ ನೌಕೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಕೆಲವು ವಾರಗಳಲ್ಲಿ ಭೂಮಿಯೇ ದಿನಕ್ಕೊಮ್ಮೆ, ಹೆಚ್ಚೆಂದರೆ 72 ನಿಮಿಷಗಳ ಕಾಲ, ಅದರ ನೋಟಕ್ಕೆ ಅಡ್ಡ ಬರುತ್ತದೆ. ಆ ಹೊತ್ತಿನ ಚಿತ್ರಗಳು ಸೂರ್ಯನ ಮಂಕನ್ನಲ್ಲ, ಭೂಮಿಯ ನೆರಳನ್ನು ತೋರಿಸುತ್ತವೆ.

ಹಂತ 2: ಲೆಕ್ಕಕ್ಕೆ ಮೊದಲು ಕಣ್ಣಿನಿಂದ ನೋಡಿ

ಹೀಲಿಯೋವ್ಯೂವರ್ ಜಾಲತಾಣವನ್ನು ತೆರೆಯಿರಿ. ದಿನಾಂಕವನ್ನು 2011 ಫೆಬ್ರವರಿ 15ಕ್ಕೆ ಇಟ್ಟು, ಎಐಎ 193 ಆಂಗ್‌ಸ್ಟ್ರಾಮ್ (ತರಂಗಾಂತರದ ಅಳತೆ, ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಪದರವನ್ನು ಆಯ್ದು, 01:15ರಿಂದ 04:00ರವರೆಗೆ ಒಂದು ವಿಡಿಯೋ ಮಾಡಿಸಿ. ಅದನ್ನು ನಿಧಾನವಾಗಿ, ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿ. ಜ್ವಾಲೆಯ ಕೋರೈಸುವ ಭಾಗವನ್ನು ಬೆರಳಿನಿಂದ ಮುಚ್ಚಿ ಸುತ್ತಲಿನ ಜಾಗವನ್ನಷ್ಟೇ ಗಮನಿಸಿ. ಸೌರಕಲೆಗಳ ಗುಂಪಿರುವ ಸಕ್ರಿಯ ಪ್ರದೇಶದ ಅಂಚಿನಲ್ಲಿ ಗಾಢವಾಗಿ ಕಪ್ಪಾಗುವ ಸಣ್ಣ ತಾಣಗಳೂ ಅವುಗಳಾಚೆ ತೆಳುವಾಗಿ ಹರಡುವ ಮಂಕೂ ಮೆಲ್ಲನೆ ಕಣ್ಣಿಗೆ ಹಿಡಿಯುತ್ತವೆ. ಜ್ವಾಲೆಯಿಂದ ಹೊರಟ ಪ್ರಕಾಶಮಾನ ಅಲೆಯೊಂದು ಬಿಂಬದ ಮೇಲೆ ಓಡುವುದೂ ಕಾಣಬಹುದು.

ಈ ಹಂತವನ್ನು ದಾಟಿಸಿಬಿಡುವವರು ಬಹಳ. ದಾಟಿಸಬೇಡಿ. ತಂತ್ರಾಂಶ ಕೊಡುವ ಕಪ್ಪುಬಿಳುಪು ನಕ್ಷೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಮುಂದೆ ತೀರ್ಮಾನಿಸುವಾಗ, ಮೂಲ ಚಿತ್ರವನ್ನು ತಾಳ್ಮೆಯಿಂದ ನೋಡಿದ ಕಣ್ಣಿಗೆ ಸಮನಾದ ಸಾಧನ ಇನ್ನೊಂದಿಲ್ಲ.

ಹಂತ 3: ತರಂಗಾಂತರಗಳನ್ನು ಆರಿಸಿ

ಎಐಎಯ ಒಂದೊಂದು ತರಂಗಾಂತರವೂ ಒಂದೊಂದು ತಾಪಮಾನಕ್ಕೆ ಕಿಟಕಿ. 171 ಆಂಗ್‌ಸ್ಟ್ರಾಮ್‌ನಲ್ಲಿ ಕಾಣುವುದು ಎಂಟು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ಸುಮಾರು 6ರಿಂದ 8 ಲಕ್ಷ ಕೆಲ್ವಿನ್. 193ರಲ್ಲಿ ಹನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ಸುಮಾರು 12ರಿಂದ 15 ಲಕ್ಷ ಕೆಲ್ವಿನ್. 211ರಲ್ಲಿ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ಸುಮಾರು 20 ಲಕ್ಷ ಕೆಲ್ವಿನ್. 304ರಲ್ಲಿ ಕಾಣುವುದು ಸುಮಾರು 50,000 ಕೆಲ್ವಿನ್‌ನ ಹೀಲಿಯಂ, ಅಂದರೆ ಕರೋನಾಕ್ಕಿಂತ ಕೆಳಗಿನ ತಣ್ಣನೆಯ ಪದರ.

ಮಂಕನ್ನು ಅಳೆಯಲು 211 ಮತ್ತು 193 ಮುಖ್ಯ. ಶಾಂತ ಕರೋನಾದ ಬಹುಪಾಲು ದ್ರವ್ಯ ಇದೇ ತಾಪಮಾನದಲ್ಲಿರುವುದರಿಂದ ನಷ್ಟವೂ ಇಲ್ಲೇ ಚೆನ್ನಾಗಿ ಕಾಣುತ್ತದೆ. ಒಂದನ್ನೇ ಆರಿಸಬೇಕಾದರೆ 211 ಇರಲಿ; 193ರಲ್ಲಿ ಜ್ವಾಲೆಯ ಕೋಟಿಗಟ್ಟಲೆ ಕೆಲ್ವಿನ್ ಪ್ಲಾಸ್ಮಾವೂ ಬೆರೆತು ಕಾಣುತ್ತದೆ. 171 ಮತ್ತು 304 ಎರಡೂ ಅಳತೆಗಲ್ಲ, ಪರೀಕ್ಷೆಗೆ ಬೇಕು.

ಹಂತ 4: ದತ್ತಾಂಶ ಇಳಿಸಿಕೊಳ್ಳಿ

ಎಸ್‌ಡಿಒ ದತ್ತಾಂಶದ ಮೂಲ ಭಂಡಾರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಎಸ್‌ಒಸಿ. ವರ್ಚುವಲ್ ಸೋಲಾರ್ ಅಬ್ಸರ್ವೇಟರಿಯ ಮೂಲಕವೂ ಪಡೆಯಬಹುದು. ಪೈಥಾನ್‌ನಲ್ಲಿ ಸನ್‌ಪೈ ಎಂಬ ಉಚಿತ ಗ್ರಂಥಾಲಯ ಎರಡೂ ಕಡೆ ಹುಡುಕಿ ಇಳಿಸಿಕೊಡುತ್ತದೆ. ಅದರ ಜೊತೆಗೆ ಎಐಎಗೆಂದೇ ಇರುವ ಎಐಎಪೈ ಎಂಬುದನ್ನೂ ಹಾಕಿಕೊಳ್ಳಿ.

12 ಸೆಕೆಂಡಿನ ಲೆಕ್ಕದಲ್ಲಿ ಗಂಟೆಗೆ ಒಂದು ತರಂಗಾಂತರದಲ್ಲೇ 300 ಚಿತ್ರಗಳಾಗುತ್ತವೆ, ಒಂದೊಂದರಲ್ಲೂ ಸುಮಾರು 1.68 ಕೋಟಿ ಪಿಕ್ಸೆಲ್. ಅಷ್ಟು ಬೇಡ. 01:10ರಿಂದ 03:00ರವರೆಗೆ ನಿಮಿಷಕ್ಕೊಂದು, ಆಮೇಲೆ 13:00ರವರೆಗೆ 10 ನಿಮಿಷಕ್ಕೊಂದು ಚಿತ್ರ ಸಾಕು. ಇಡೀ ಬಿಂಬದ ಬದಲು ಸಕ್ರಿಯ ಪ್ರದೇಶದ ಸುತ್ತ 1,000 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಚೌಕವನ್ನಷ್ಟೇ ಕತ್ತರಿಸಿ ಕೊಡುವಂತೆ ಜೆಎಸ್‌ಒಸಿಗೆ ಕೇಳಬಹುದು. ಚೌಕವನ್ನು ತೀರಾ ಬಿಗಿಯಾಗಿ ಕತ್ತರಿಸಬೇಡಿ, ತೆಳು ಮಂಕು ನೀವು ಎಣಿಸಿದ್ದಕ್ಕಿಂತ ದೂರ ಹರಡಿರುತ್ತದೆ. ಅದೇ ನೌಕೆಯ ಎಚ್‌ಎಂಐ ಉಪಕರಣದ 01:30 ಆಸುಪಾಸಿನ ಒಂದು ಕಾಂತನಕ್ಷೆಯನ್ನೂ ಇಳಿಸಿಡಿ.

ಹಂತ 5: ಚಿತ್ರಗಳನ್ನು ಹೋಲಿಕೆಗೆ ಸಜ್ಜುಗೊಳಿಸಿ

ಇಲ್ಲಿ ನಾಲ್ಕು ಕೆಲಸಗಳಿವೆ, ನಾಲ್ಕನ್ನೂ ಮಾಡಲೇಬೇಕು.

ಮೊದಲನೆಯದು, ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ, ಒಂದೇ ದಿಕ್ಕಿಗೆ ತರುವುದು. ಎಐಎಯ ನಾಲ್ಕು ದೂರದರ್ಶಕಗಳ ನಡುವೆ ಸಣ್ಣ ವ್ಯತ್ಯಾಸಗಳಿವೆ. ಎಐಎಪೈನ ನೋಂದಣಿ ಸೌಲಭ್ಯ ಎಲ್ಲವನ್ನೂ ಪಿಕ್ಸೆಲ್‌ಗೆ 0.6 ಆರ್ಕ್‌ಸೆಕೆಂಡ್‌ನಂತೆ ಹೊಂದಿಸುತ್ತದೆ. ಈ ಸೌಲಭ್ಯ ಇಡೀ ಬಿಂಬದ ಚಿತ್ರಕ್ಕಾಗಿ ಮಾಡಿದ್ದು. ಕತ್ತರಿಸಿದ ಚಿತ್ರ ತರಿಸಿದವರು ಒಂದೇ ತರಂಗಾಂತರದೊಳಗೆ ಹೋಲಿಸುವಾಗ ಇದನ್ನು ಬಿಟ್ಟು, ಚಿತ್ರದ ಶಿರೋಲೇಖದಲ್ಲಿರುವ ನಿರ್ದೇಶಾಂಕಗಳನ್ನು ಬಳಸಿಕೊಳ್ಳಬಹುದು.

ಎರಡನೆಯದು, ಹೊಳಪನ್ನು ಚಿತ್ರ ತೆಗೆದ ಅವಧಿಯಿಂದ ಭಾಗಿಸುವುದು. ಜ್ವಾಲೆ ಎದ್ದಾಗ ಕ್ಯಾಮೆರಾ ತಾನಾಗಿಯೇ ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಇದನ್ನು ಸರಿಪಡಿಸದಿದ್ದರೆ ಜ್ವಾಲೆಯ ಹೊತ್ತಿಗೆ ಸರಿಯಾಗಿ ಇಡೀ ಸೂರ್ಯನೇ ಮಂಕಾದಂತೆ ಕಾಣುತ್ತದೆ. ನಾವು ಹುಡುಕುತ್ತಿರುವ ಸಂಕೇತಕ್ಕೆ ಇದಕ್ಕಿಂತ ಅಪಾಯಕಾರಿ ನಕಲಿ ಬೇರೆ ಇಲ್ಲ.

ಮೂರನೆಯದು, ಉಪಕರಣ ವರ್ಷಗಳಲ್ಲಿ ಕಳೆದುಕೊಂಡ ಸಂವೇದನೆಗೆ ತಿದ್ದುಪಡಿ. ಒಂದೇ ದಿನದೊಳಗಿನ ಅನುಪಾತಕ್ಕೆ ಇದರ ಪರಿಣಾಮವಿಲ್ಲ, ಆದರೆ ಬೇರೆ ಬೇರೆ ವರ್ಷಗಳ ಘಟನೆಗಳನ್ನು ಹೋಲಿಸುವವರಿಗೆ ಬೇಕೇ ಬೇಕು.

ನಾಲ್ಕನೆಯದು ಸೂರ್ಯನ ತಿರುಗುವಿಕೆ. ಬಿಂಬದ ನಡುವೆ ಮೇಲ್ಮೈ ಗಂಟೆಗೆ ಸುಮಾರು 9 ಆರ್ಕ್‌ಸೆಕೆಂಡ್, ಅಂದರೆ ಸುಮಾರು 15 ಪಿಕ್ಸೆಲ್ ಪಶ್ಚಿಮಕ್ಕೆ ಸರಿಯುತ್ತದೆ. ಹೊಳೆಯುವ ಕುಣಿಕೆಯೊಂದು ಅಷ್ಟು ಸರಿದರೆ ಅದರ ಹಿಂದೆ ಕಪ್ಪು ಗೀರು, ಮುಂದೆ ಬಿಳಿ ಗೀರು ಮೂಡುತ್ತವೆ. ಅಕ್ಷಾಂಶಕ್ಕೆ ತಕ್ಕಂತೆ ತಿರುಗುವ ವೇಗ ಬದಲಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಎಲ್ಲ ಚಿತ್ರಗಳನ್ನೂ ಮೂಲ ಚಿತ್ರದ ಸಮಯಕ್ಕೆ ಹಿಂತಿರುಗಿಸುವ ಸೌಲಭ್ಯ ಸನ್‌ಪೈನಲ್ಲಿದೆ.

ಹಂತ 6: ಮೂಲ ಚಿತ್ರ, ವ್ಯತ್ಯಾಸ, ಅನುಪಾತ

ಸ್ಫೋಟಕ್ಕೆ ಮುಂಚಿನ ಶಾಂತ ಸ್ಥಿತಿಯನ್ನು ಹಿಡಿದಿಡುವುದು ಮೂಲ ಚಿತ್ರ. 01:14ರಿಂದ 01:24ರ ನಡುವಿನ ಚಿತ್ರಗಳ ಸರಾಸರಿ ತೆಗೆದು ಅದನ್ನೇ ಮೂಲವಾಗಿಸಿ. ಸರಾಸರಿಯಿಂದ ಗದ್ದಲ ತಗ್ಗುತ್ತದೆ. ಆ ಹೊತ್ತಿನಲ್ಲಿ ಬೇರೆ ಸ್ಫೋಟವೇನೂ ನಡೆದಿರಬಾರದು. 11158 ಬಹಳ ಚಟುವಟಿಕೆಯ ಗುಂಪು. ಫೆಬ್ರವರಿ 13ರ ಸಂಜೆಯೇ ಅಲ್ಲಿ ಎಂ 6.6 ಜ್ವಾಲೆ ಎದ್ದಿತ್ತು. ಹಳೆಯ ಮಂಕು ಇನ್ನೂ ತುಂಬಿಕೊಳ್ಳುತ್ತಿರುವಾಗ ಹೊಸದನ್ನು ಅಳೆದರೆ ಅಂಕಿ ಕಡಿಮೆ ಬರುತ್ತದೆ.

ಈಗ ಪ್ರತಿ ಚಿತ್ರವನ್ನೂ ಮೂಲ ಚಿತ್ರದಿಂದ ಭಾಗಿಸಿ, ಬಂದ ಅನುಪಾತದ 10ರ ಆಧಾರದ ಲಾಗರಿದಮ್ ತೆಗೆಯಿರಿ. ಕಳೆಯುವುದಕ್ಕಿಂತ ಭಾಗಿಸುವುದು ಲೇಸು. ಸಕ್ರಿಯ ಪ್ರದೇಶದ ನೆತ್ತಿಯಲ್ಲಿ ಹೊಳಪು ಸಾವಿರಗಳಲ್ಲಿದ್ದರೆ ಶಾಂತ ಕರೋನಾದಲ್ಲಿ ನೂರರ ಆಸುಪಾಸು. ಬರೀ ಕಳೆದರೆ ಪ್ರಕಾಶಮಾನ ಭಾಗದ ಸಣ್ಣ ಏರಿಳಿತವೇ ನಕ್ಷೆಯನ್ನು ಆಕ್ರಮಿಸಿ, ಶಾಂತ ಭಾಗದ ನಿಜವಾದ ಮಂಕು ಮುಚ್ಚಿಹೋಗುತ್ತದೆ. ಅನುಪಾತದಲ್ಲಿ ಎರಡಕ್ಕೂ ಸಮಾನ ನ್ಯಾಯ.

ಒಂದು ಚಿತ್ರದಿಂದ ಅದರ ಹಿಂದಿನ ಚಿತ್ರವನ್ನು ಕಳೆಯುವ ಚಾಲ್ತಿ ವ್ಯತ್ಯಾಸ ವಿಧಾನ ವಿಡಿಯೋಗಳಲ್ಲಿ ಜನಪ್ರಿಯ. ಚಲಿಸುವ ಅಲೆಯನ್ನು ನೋಡಲು ಅದು ಒಳ್ಳೆಯದು, ಮಂಕನ್ನು ಅಳೆಯಲು ಸಲ್ಲದು. ಪ್ರಕಾಶಮಾನ ಅಲೆ ದಾಟಿಹೋದ ಜಾಗವೆಲ್ಲ, ಅಲ್ಲಿ ದ್ರವ್ಯ ನಷ್ಟವಾಗದಿದ್ದರೂ, ಕಪ್ಪಾಗಿ ತೋರುತ್ತದೆ. ನಿಜವಾಗಿ ಮಂಕಾಗಿಯೇ ಉಳಿದ ಜಾಗ ಬದಲಾವಣೆ ನಿಂತೊಡನೆ ಮಾಯವಾಗುತ್ತದೆ. ಎರಡೂ ಕಡೆ ಮೋಸ.

ಹಂತ 7: ಮಿತಿ ಹಾಕಿ ಪ್ರದೇಶ ಗುರುತಿಸಿ

ಎಷ್ಟು ಇಳಿದರೆ ಮಂಕು ಎನ್ನಬೇಕು? ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದ ಸೌರ ತಂಡ 2018ರಲ್ಲಿ ಪ್ರಕಟಿಸಿದ ವಿಧಾನದಲ್ಲಿ 211 ಆಂಗ್‌ಸ್ಟ್ರಾಮ್ ಲಾಗ್-ಅನುಪಾತದ ಮಿತಿ −0.19. ಅಂದರೆ ಹೊಳಪು ಮೂಲದ ಸುಮಾರು 65 ಶೇಕಡಕ್ಕೆ ಇಳಿದಿರಬೇಕು, 35 ಶೇಕಡ ನಷ್ಟ. ಅಲ್ಲಿಂದಲೇ ಆರಂಭಿಸಿ. ಮಿತಿ ದಾಟಿದ ಪಿಕ್ಸೆಲ್‌ಗಳಲ್ಲಿ ಅತಿ ಕಪ್ಪಾದವನ್ನು ಬೀಜಗಳೆಂದು ಹಿಡಿದು, ಅವುಗಳಿಗೆ ಅಂಟಿಕೊಂಡಿರುವವನ್ನಷ್ಟೇ ಸೇರಿಸುತ್ತ ಪ್ರದೇಶವನ್ನು ಬೆಳೆಸಿ. ಬಿಂಬದ ಮೂಲೆಯಲ್ಲಿ ಚದುರಿಬಿದ್ದ ಒಂಟಿ ಪಿಕ್ಸೆಲ್‌ಗಳು ಹೀಗೆ ತಾವಾಗಿಯೇ ಬಿದ್ದುಹೋಗುತ್ತವೆ.

ಆಮೇಲೆ ಮಿತಿಯನ್ನು −0.15ಕ್ಕೂ −0.23ಕ್ಕೂ ಬದಲಿಸಿ ಮತ್ತೆ ಮಾಡಿ. ವಿಸ್ತೀರ್ಣ ಎಷ್ಟು ಬದಲಾಯಿತೋ ಅದೇ ನಿಮ್ಮ ಅನಿಶ್ಚಿತತೆಯ ಅಂದಾಜು. ಅದಿಲ್ಲದ ಅಂಕಿಯನ್ನು ನಾನಂತೂ ಒಪ್ಪುವುದಿಲ್ಲ.

ಹಂತ 8: ಇದು ನಿಜವಾದ ದ್ರವ್ಯ ನಷ್ಟವೇ?

ಈ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಹೊಳಪು ಇಳಿಯಲು ದ್ರವ್ಯ ಹೊರಡಲೇಬೇಕೆಂದಿಲ್ಲ.

ತಾಪಮಾನ ಬದಲಾದರೂ ಹೊಳಪು ಇಳಿಯುತ್ತದೆ. 7 ಲಕ್ಷ ಕೆಲ್ವಿನ್‌ನ ಪ್ಲಾಸ್ಮಾ 20 ಲಕ್ಷಕ್ಕೆ ಬಿಸಿಯಾದರೆ ಅದು 171ರ ಕಿಟಕಿಯಿಂದ ಹೊರಬಿದ್ದು 211ರ ಕಿಟಕಿಗೆ ಬರುತ್ತದೆ: ಮೊದಲನೆಯದರಲ್ಲಿ ಮಂಕು, ಎರಡನೆಯದರಲ್ಲಿ ಹೊಳಪು. ಜ್ವಾಲೆಯಿಂದ ಹೊರಟ ಅಲೆ ಪ್ಲಾಸ್ಮಾವನ್ನು ಒತ್ತಿ ಬಿಸಿ ಮಾಡುವಾಗ ಹಲವು ಘಟನೆಗಳಲ್ಲಿ ಹೀಗೆಯೇ ಆಗುತ್ತದೆ. ಆದ್ದರಿಂದ ಪರೀಕ್ಷೆ ಸರಳ. 171, 193, 211 ಮೂರರ ನಕ್ಷೆಗಳನ್ನೂ ಅಕ್ಕಪಕ್ಕ ಇಡಿ. ಮೂರರಲ್ಲೂ ಒಂದೇ ಜಾಗ, ಒಂದೇ ಹೊತ್ತಿನಲ್ಲಿ ಕಪ್ಪಾಗಿದ್ದರೆ ದ್ರವ್ಯವೇ ಹೋಗಿದೆ ಎಂಬ ತೀರ್ಮಾನಕ್ಕೆ ಬಲ ಬರುತ್ತದೆ. ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಬಿಳುಪು ಎಂದಾದರೆ ಆ ಪಿಕ್ಸೆಲ್‌ಗಳನ್ನು ಪಟ್ಟಿಯಿಂದ ತೆಗೆಯಿರಿ.

ಎರಡನೆಯ ಮೋಸ, ಮರೆಮಾಡುವಿಕೆ. ಸ್ಫೋಟದಲ್ಲಿ ಮೇಲೆದ್ದ ತಣ್ಣನೆಯ ಸೌರತಂತು ಪ್ರಕಾಶಮಾನ ಪ್ರದೇಶದ ಮುಂದೆ ಹಾದುಹೋದರೆ ಅದರ ಹೈಡ್ರೋಜನ್ ಮತ್ತು ಹೀಲಿಯಂ ಪರಮಾಣುಗಳು ಹಿಂದಿನ ಬೆಳಕನ್ನು ನುಂಗುತ್ತವೆ. ಇದರ ಅತ್ಯುತ್ತಮ ಉದಾಹರಣೆ 2011ರ ಜೂನ್ 7ರದು. ಅಂದು ದೈತ್ಯ ಸೌರತಂತೊಂದು ಸಿಡಿದು, ಅದರ ದ್ರವ್ಯದ ದೊಡ್ಡ ಭಾಗ ಕಪ್ಪು ತುಣುಕುಗಳಾಗಿ ಸೂರ್ಯನ ಮೇಲೆಯೇ ಮರಳಿ ಬಿದ್ದಿತು. ಆ ಕಪ್ಪನ್ನು ನಷ್ಟವೆಂದು ಲೆಕ್ಕ ಹಾಕಿದರೆ ಅರ್ಥವೇ ತಲೆಕೆಳಗು. ಗುರುತಿಸುವುದು ಹೇಗೆಂದರೆ, ಮರೆಮಾಡುವ ದ್ರವ್ಯ ಚಲಿಸುತ್ತದೆ, ಅದರ ಅಂಚು ಹರಿತವಾಗಿರುತ್ತದೆ, 304ರಲ್ಲೂ ಅದೇ ಆಕಾರ ಕಾಣುತ್ತದೆ. ನಿಜವಾದ ಮಂಕು ತನ್ನ ಜಾಗದಲ್ಲೇ ನಿಂತಿರುತ್ತದೆ.

ಮೂರನೆಯದು, ಕುಣಿಕೆಗಳ ಅಲುಗಾಟ. ಸ್ಫೋಟದ ಹೊಡೆತಕ್ಕೆ ಪಕ್ಕದ ಕಾಂತ ಕುಣಿಕೆಗಳು ಓಲಾಡುತ್ತವೆ. ಒಂದು ಕುಣಿಕೆ ಬದಿಗೆ ಸರಿದರೆ ಅದರ ಹಳೆಯ ಜಾಗ ಕಪ್ಪಾಗುತ್ತದೆ, ಪಕ್ಕದ ಜಾಗ ಬೆಳಗುತ್ತದೆ. ಕಪ್ಪುಬಿಳುಪಿನ ಜೋಡಿ ಗೀರುಗಳನ್ನು ಕಂಡೊಡನೆ ಇದನ್ನು ಶಂಕಿಸಿ.

ನಾಲ್ಕನೆಯದು ಹಳೆಯ ಕರೋನಾ ರಂಧ್ರ. ಅದು ಮೂಲ ಚಿತ್ರದಲ್ಲೂ ಕಪ್ಪಾಗಿಯೇ ಇರುವುದರಿಂದ ಅನುಪಾತ ನಕ್ಷೆಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಅಲ್ಲಿ ಹೊಳಪೇ ಕಡಿಮೆ, ಹೀಗಾಗಿ ಗದ್ದಲದಿಂದಲೇ ಅನುಪಾತ ಏರಿಳಿಯುತ್ತದೆ. ಅಂಥ ಪಿಕ್ಸೆಲ್‌ಗಳನ್ನು ಮೊದಲೇ ಹೊರಗಿಡಿ.

ಹಂತ 9: ಕಾಂತನಕ್ಷೆಯೊಂದಿಗೆ ಹೊಂದಿಸಿ

ಎಚ್‌ಎಂಐ ಕಾಂತನಕ್ಷೆಯ ಮೇಲೆ ಮಂಕಿನ ಗಡಿಯನ್ನು ಎಳೆಯಿರಿ. ಜ್ವಾಲೆಯ ಇಕ್ಕೆಲಗಳಲ್ಲಿ, ವಿರುದ್ಧ ಧ್ರುವೀಯತೆಯ ಎರಡು ಕ್ಷೇತ್ರಗಳಲ್ಲಿ ಗಾಢ ಮಂಕುಗಳಿದ್ದರೆ ಅವು ಕೇಂದ್ರ ಮಂಕುಗಳು. ಸಿಡಿದುಹೋದ ತಿರುಚಿದ ಕಾಂತಹಗ್ಗದ ಎರಡು ಕಾಲುಗಳು ಸೂರ್ಯನಲ್ಲಿ ಊರಿರುವ ಜಾಗ ಅವು ಎಂಬುದು ಒಪ್ಪಿತ ವಿವರಣೆ. ಹಗ್ಗ ಮೇಲಕ್ಕೆ ಹಿಗ್ಗಿದಂತೆ ಅದರೊಳಗಿನ ಪ್ಲಾಸ್ಮಾ ತೆಳುವಾಗುತ್ತದೆ, ಕಾಲುಗಳು ಬರಿದಾಗುತ್ತವೆ. ಸುತ್ತ ಹರಡಿರುವ ತೆಳು ಮಂಕು ದ್ವಿತೀಯಕ. ಹಗ್ಗದ ಮೇಲೆ ಕಮಾನಿನಂತೆ ಬಾಗಿದ್ದ ಕಾಂತರೇಖೆಗಳು ಹಿಗ್ಗಿದ್ದರಿಂದ, ಹಿಂದೆ ವಿರಳತೆ ಉಳಿದದ್ದರಿಂದ ಆದದ್ದು. ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಿರಿ. ವಿಸ್ತೀರ್ಣದಲ್ಲಿ ಕೇಂದ್ರ ಮಂಕು ಚಿಕ್ಕದು, ಆಳದಲ್ಲಿ ದೊಡ್ಡದು.

ಹಂತ 10: ವಿಸ್ತೀರ್ಣ ಮತ್ತು ದ್ರವ್ಯ

ಬಿಂಬದ ನಡುವೆ ಎಐಎಯ ಒಂದು ಪಿಕ್ಸೆಲ್‌ನ ಬದಿ ಸುಮಾರು 435 ಕಿಲೋಮೀಟರ್, ವಿಸ್ತೀರ್ಣ ಸುಮಾರು 1.9 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಂದರೆ ನಮ್ಮ ಇಡೀ ರಾಜ್ಯ ಈ ಚಿತ್ರದಲ್ಲಿ ಒಂದೇ ಒಂದು ಪಿಕ್ಸೆಲ್. ಮಂಕಾದ ಪಿಕ್ಸೆಲ್‌ಗಳ ಸಂಖ್ಯೆಯನ್ನು ಇದರಿಂದ ಗುಣಿಸಿ. ಬಿಂಬದ ನಡುವಿನಿಂದ ದೂರವಿರುವ ಪಿಕ್ಸೆಲ್‌ಗಳನ್ನು ಆ ಕೋನದ ಕೊಸೈನ್‌ನಿಂದ ಭಾಗಿಸಿ.

ದ್ರವ್ಯದ ಅಂದಾಜಿಗೆ ಒಂದು ಮಾದರಿ ಲೆಕ್ಕ ಮಾಡೋಣ. ಮಂಕಿನ ವಿಸ್ತೀರ್ಣ 1,000 ಕೋಟಿ ಚದರ ಕಿಲೋಮೀಟರ್ ಎಂದುಕೊಳ್ಳಿ, ಅಂದರೆ ಸುಮಾರು 53 ಸಾವಿರ ಪಿಕ್ಸೆಲ್. ಹೊಳಪು 65 ಶೇಕಡಕ್ಕೆ ಇಳಿದಿದೆ. ಅದರ ವರ್ಗಮೂಲ ಸುಮಾರು 0.81, ಹೀಗಾಗಿ ಸಾಂದ್ರತೆಯ ಇಳಿಕೆ ಸುಮಾರು 20 ಶೇಕಡ. ಕರೋನಾದ ಬುಡದಲ್ಲಿ ಘನ ಸೆಂಟಿಮೀಟರಿಗೆ 50 ಕೋಟಿ ಎಲೆಕ್ಟ್ರಾನ್ ಇದ್ದವೆಂದರೆ 10 ಕೋಟಿ ಕಡಿಮೆಯಾದವು. ಪದರದ ದಪ್ಪಕ್ಕೆ 15 ಲಕ್ಷ ಕೆಲ್ವಿನ್‌ನ ಕರೋನಾದ ಸಾಂದ್ರತೆ ಇಳಿಯುವ ಎತ್ತರವನ್ನು ಬಳಸಿ, ಸುಮಾರು 70,000 ಕಿಲೋಮೀಟರ್. ಒಂದು ಎಲೆಕ್ಟ್ರಾನಿಗೆ ಜೊತೆಯಾಗಿರುವ ಅಯಾನುಗಳ ರಾಶಿ ಸುಮಾರು 2 × 10⁻²⁷ ಕಿಲೋಗ್ರಾಂ. ಎಲ್ಲವನ್ನೂ ಗುಣಿಸಿದರೆ 1.4 × 10¹¹ ಕಿಲೋಗ್ರಾಂ, ಅಂದರೆ 14 ಕೋಟಿ ಟನ್.

ಸಾಮಾನ್ಯ ದ್ರವ್ಯ ಉತ್ಸರ್ಜನೆಯೊಂದರ ರಾಶಿ ಸುಮಾರು 100 ಕೋಟಿ ಟನ್. ನಮ್ಮ ಲೆಕ್ಕ ಏಳರಲ್ಲಿ ಒಂದು ಪಾಲಷ್ಟೇ ಕೊಟ್ಟಿತು. ಇದು ಆಶ್ಚರ್ಯವಲ್ಲ. ನಾವು ಮಿತಿಯ ಮೌಲ್ಯವನ್ನೇ ಎಲ್ಲ ಪಿಕ್ಸೆಲ್‌ಗಳಿಗೂ ಹಚ್ಚಿದೆವು, ಕೇಂದ್ರ ಮಂಕುಗಳಲ್ಲಿ ನಷ್ಟ ಅದಕ್ಕಿಂತ ಬಹಳ ಹೆಚ್ಚು. ಎರಡನೆಯ ಕಾರಣ ಇನ್ನೂ ಕುತೂಹಲಕರ: ಮಂಕಾದ ಮೇಲೂ ಅಲ್ಲಿಂದ ಪ್ಲಾಸ್ಮಾ ಮೇಲಕ್ಕೆ ಹರಿಯುತ್ತಲೇ ಇರುತ್ತದೆ. ಜಪಾನಿನ ಹಿನೋದೆ ನೌಕೆಯ ರೋಹಿತಮಾಪಕ ಮಂಕು ಪ್ರದೇಶಗಳಲ್ಲಿ ನಮ್ಮತ್ತ ಬರುವ ಹರಿವನ್ನು ಕಂಡಿದೆ. ಒಂದು ಕ್ಷಣದ ಚಿತ್ರ ಆ ಹರಿವನ್ನು ಎಣಿಸುವುದಿಲ್ಲ. ನಿಮ್ಮ ವರದಿಯಲ್ಲಿ ಈ ಅಂಕಿಯನ್ನು ಕನಿಷ್ಠ ಮಿತಿ ಎಂದೇ ಬರೆಯಿರಿ, ಪ್ರತಿ ಪಿಕ್ಸೆಲ್‌ನ ನಿಜವಾದ ಇಳಿಕೆಯನ್ನು ಹಾಕಿ ಮತ್ತೊಮ್ಮೆ ಕೂಡಿ.

ಹೊಳಪಿನ ಮೊತ್ತವನ್ನು ಸಮಯದೆದುರು ಒಂದು ನಕ್ಷೆಯಾಗಿ ಬರೆಯುವುದನ್ನೂ ಮರೆಯಬೇಡಿ. ಇಳಿಜಾರಿನ ಕಡಿದು ಭಾಗ ಜ್ವಾಲೆಯ ಏರಿಕೆಯ ಹೊತ್ತಿಗೆ ಹತ್ತಿರವಿರಬೇಕು, ಚೇತರಿಕೆ ಗಂಟೆಗಟ್ಟಲೆ ಎಳೆಯಬೇಕು. ಹತ್ತು ನಿಮಿಷಗಳಲ್ಲಿ ಮರಳಿ ತುಂಬಿಕೊಂಡದ್ದು ಮಂಕಲ್ಲ, ಎಂಟನೆಯ ಹಂತಕ್ಕೆ ಹಿಂದಿರುಗಿ.

ಹಂತ 11: ಬೇರೆ ಕಣ್ಣುಗಳಿಂದ ಖಚಿತಪಡಿಸಿ

ಈ ಘಟನೆಯನ್ನು ನಾನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. 2006ರಲ್ಲಿ ಹಾರಿದ ಸ್ಟಿರಿಯೋ ಅವಳಿ ನೌಕೆಗಳು 2011ರ ಫೆಬ್ರವರಿ 6ರಂದು ಸೂರ್ಯನ ಎದುರುಬದುರು ಬದಿಗಳನ್ನು ತಲುಪಿ, ಇಡೀ ಸೂರ್ಯನನ್ನು ಒಮ್ಮೆಗೇ ನೋಡುವ ಸ್ಥಿತಿಗೆ ಬಂದಿದ್ದವು. ಒಂಬತ್ತು ದಿನಗಳ ನಂತರ ನಮ್ಮ ಎದುರಿಗಿದ್ದ 11158 ಗುಂಪು ಆ ಎರಡಕ್ಕೂ ಅಂಚಿನ ಆಸುಪಾಸಿನಲ್ಲಿತ್ತು. ಎಸ್‌ಡಿಒ ಮೇಲಿನಿಂದ ಮಂಕನ್ನು ನೋಡಿದರೆ, ಸ್ಟಿರಿಯೋ ಅದೇ ಸ್ಫೋಟ ಮೇಲಕ್ಕೇರುವುದನ್ನು ಪಕ್ಕದಿಂದ ಕಂಡಿತು. ಸ್ಟಿರಿಯೋದ 195 ಆಂಗ್‌ಸ್ಟ್ರಾಮ್ ಚಿತ್ರಗಳನ್ನೂ ಹೀಲಿಯೋವ್ಯೂವರ್‌ನಲ್ಲೇ ತೆರೆದು ನಿಮ್ಮ ನಕ್ಷೆಯ ಪಕ್ಕ ಇಟ್ಟು ನೋಡಿ. ಅವಳಿಗಳಲ್ಲಿ ಬಿ ಎಂಬ ನೌಕೆಯ ಸಂಪರ್ಕ 2014ರ ಅಕ್ಟೋಬರ್‌ನಲ್ಲಿ ಕಡಿದುಹೋಯಿತು, ಹೀಗಾಗಿ ಇಂಥ ಜೋಡಿ ನೋಟ ಆ ಕೆಲವೇ ವರ್ಷಗಳ ಆಸ್ತಿ.

ಮುಂದೆ ಸೋಹೋ ನೌಕೆಯ ಲಾಸ್ಕೋ ಕರೋನಾದರ್ಶಕ, ಅಂದರೆ ಸೌರಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾವನ್ನು ನೋಡುವ ದೂರದರ್ಶಕ. ಅದರ ಪಟ್ಟಿಯಲ್ಲಿ ಈ ಉತ್ಸರ್ಜನೆ 02:24ಕ್ಕೆ ಮೊದಲು ಕಂಡಿತೆಂದೂ, ಸೂರ್ಯನ ಸುತ್ತ ಪೂರ್ಣ ವಲಯವಾಗಿ ಹರಡಿತೆಂದೂ, ಆಕಾಶದ ತಲದಲ್ಲಿ ವೇಗ ಸೆಕೆಂಡಿಗೆ 669 ಕಿಲೋಮೀಟರ್ ಎಂದೂ ಇದೆ. ನೇರವಾಗಿ ನಮ್ಮತ್ತ ಬರುವ ಉತ್ಸರ್ಜನೆ ಕರೋನಾದರ್ಶಕದಲ್ಲಿ ಮಸುಕಾದ ಬಳೆಯಂತೆ ಮಾತ್ರ ಕಾಣುತ್ತದೆ. ಸೂರ್ಯನ ಯಾವ ಬದಿಯಿಂದ ಹೊರಟಿತೆಂದು ಬಳೆಯೊಂದೇ ಹೇಳಲಾರದು. ಎದುರಿನ ಬಿಂಬದಲ್ಲಿ ಮಂಕು ಇದೆ ಎಂದರೆ ಅದು ನಮ್ಮ ಕಡೆಯದೇ. ಮೂರು ದಿನಗಳ ನಂತರ, ಫೆಬ್ರವರಿ 18ರಂದು, ಅದರ ಆಘಾತ ತರಂಗ ಭೂಮಿಯ ಬಳಿ ದಾಖಲಾಯಿತು.

ಬೆಂಗಳೂರಿನ ಉಪಕರಣದಿಂದ ಅದೇ ಅಯಾನು

ಆದಿತ್ಯ-ಎಲ್1 ನೌಕೆಯ ವಿಇಎಲ್‌ಸಿ ಕರೋನಾದರ್ಶಕವನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿತು. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಕಕ್ಷೆ ಸೇರಿದ ಈ ನೌಕೆ ಮಂಕಿನ ಅಧ್ಯಯನಕ್ಕೆ ಹೊಸದೊಂದು ಬಾಗಿಲು ತೆರೆದಿದೆ. ವಿಇಎಲ್‌ಸಿ ನೋಡುವ 5303 ಆಂಗ್‌ಸ್ಟ್ರಾಮ್‌ನ ಹಸಿರು ರೇಖೆಯನ್ನು ಹೊಮ್ಮಿಸುವುದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಎಐಎಯ 211ರಲ್ಲಿ ನಾವು ಇಷ್ಟು ಹೊತ್ತು ಅಳೆದದ್ದೂ ಅದೇ ಅಯಾನನ್ನು. ವ್ಯತ್ಯಾಸವೆಂದರೆ ಎಐಎ ಚಿತ್ರ ಕೊಡುತ್ತದೆ, ವಿಇಎಲ್‌ಸಿ ರೋಹಿತವನ್ನೂ ಕೊಡುತ್ತದೆ. ಹೊಳಪು ಎಷ್ಟು ಇಳಿಯಿತು ಎಂಬುದರ ಜೊತೆಗೆ ರೇಖೆ ಎಷ್ಟು ಅಗಲವಾಯಿತು, ಯಾವ ಕಡೆ ಸರಿಯಿತು ಎಂಬುದೂ ಗೊತ್ತಾಗುತ್ತದೆ.

2024ರ ಜುಲೈ 16ರಂದು ಸೂರ್ಯನ ಪಶ್ಚಿಮ ಅಂಚಿನ ಬಳಿ ಎಕ್ಸ್ ವರ್ಗದ ಜ್ವಾಲೆಯೊಂದಿಗೆ ಹೊರಟ ಉತ್ಸರ್ಜನೆಯನ್ನು ಸಂಸ್ಥೆಯ ವಿಜ್ಞಾನಿಗಳು ಹೀಗೆ ಅಳೆದರು. ಹಸಿರು ರೇಖೆಯ ಹೊಳಪು ಸುಮಾರು ಅರ್ಧದಷ್ಟು ಇಳಿದು ಸುಮಾರು 6 ಗಂಟೆ ಮಂಕಾಗಿಯೇ ಇತ್ತು, ರೇಖೆಯ ಅಗಲ ಸುಮಾರು 15 ಶೇಕಡ ಹೆಚ್ಚಿತ್ತು. ಅಗಲವಾದದ್ದು ಅಲ್ಲಿನ ಪ್ಲಾಸ್ಮಾ ಪ್ರಕ್ಷುಬ್ಧವಾಗಿತ್ತು ಎಂಬುದರ ಗುರುತು. ಚಿತ್ರಗಳಿಂದ ಮಾತ್ರ ಇದನ್ನು ಹೇಳಲು ಸಾಧ್ಯವಿರಲಿಲ್ಲ. ಆದಿತ್ಯದ ದತ್ತಾಂಶವನ್ನು ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರ ನಡೆಸುವ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು.

ಮುಂದಿನ ಅಭ್ಯಾಸ

ಫೆಬ್ರವರಿ 15ರ ಲೆಕ್ಕ ಮುಗಿದ ಮೇಲೆ 2011ರ ಜೂನ್ 7ರ ಘಟನೆಯನ್ನು ಎತ್ತಿಕೊಳ್ಳಿ. ಎಂಟನೆಯ ಹಂತದ ಪರೀಕ್ಷೆಗಳು ನಿಮಗೆ ನಿಜಕ್ಕೂ ಬಂದಿವೆಯೇ ಎಂದು ಅದು ತೋರಿಸುತ್ತದೆ. ಆಮೇಲೆ 1997ರ ಮೇ 12ರ ಸೋಹೋ ಚಿತ್ರಗಳು. ಅಲ್ಲಿ ಚಿತ್ರಗಳ ನಡುವೆ ಹಲವು ನಿಮಿಷಗಳ ಅಂತರವಿದೆ, ಆದರೂ ಜೋಡಿ ಮಂಕು ಬಹಳ ಸ್ಪಷ್ಟ.

ಗಣಿತದಲ್ಲಿ ಆಸಕ್ತಿ ಇದ್ದವರಿಗೆ ಇನ್ನೊಂದು ದಾರಿಯಿದೆ. ಎಸ್‌ಡಿಒದ ಇವಿಇ ಉಪಕರಣ ಚಿತ್ರ ತೆಗೆಯದೆ ಇಡೀ ಸೂರ್ಯನ ಒಟ್ಟು ಅತಿನೇರಳೆ ಬೆಳಕನ್ನಷ್ಟೇ ಅಳೆಯುತ್ತದೆ. ದೊಡ್ಡ ಉತ್ಸರ್ಜನೆಯಾದಾಗ 171 ಆಂಗ್‌ಸ್ಟ್ರಾಮ್ ರೇಖೆಯ ಒಟ್ಟು ಹೊಳಪಿನಲ್ಲೇ ಕೆಲವು ಶೇಕಡ ಇಳಿಕೆ ಕಾಣುತ್ತದೆ. ಅದರ ಈ ಭಾಗದ ರೋಹಿತಮಾಪಕ 2014ರ ಮೇ ತಿಂಗಳಲ್ಲಿ ಕೆಟ್ಟಿತು, ಆದ್ದರಿಂದ 2010ರಿಂದ ಅಲ್ಲಿಯವರೆಗಿನ ದತ್ತಾಂಶವನ್ನು ಬಳಸಿ. ಚಿತ್ರವಿಲ್ಲದೆ, ಒಂದೇ ಬಿಂದುವಿನ ಬೆಳಕಿನಿಂದ ಮಂಕನ್ನು ಕಂಡುಹಿಡಿಯುವ ಈ ಉಪಾಯವನ್ನು ವಿಜ್ಞಾನಿಗಳು ದೂರದ ನಕ್ಷತ್ರಗಳಿಗೂ ಹಚ್ಚಿದ್ದಾರೆ. ಅವುಗಳ ಎಕ್ಸ್-ಕಿರಣ ಮತ್ತು ಅತಿನೇರಳೆ ಬೆಳಕಿನಲ್ಲಿ ಜ್ವಾಲೆಯ ಬೆನ್ನಿಗೇ ಬರುವ ಇಳಿಕೆಗಳನ್ನು ಹುಡುಕಿ, ಅಲ್ಲಿಯೂ ದ್ರವ್ಯ ಉತ್ಸರ್ಜನೆಯ ಸುಳಿವುಗಳನ್ನು 2021ರಲ್ಲಿ ಪ್ರಕಟಿಸಿದರು. ಅದನ್ನು ಪ್ರಯತ್ನಿಸುವ ಮುನ್ನ ಇವಿಇ ದತ್ತಾಂಶದಲ್ಲಿ 2010ರ ಆಗಸ್ಟ್ 7ರ ಘಟನೆಯನ್ನು ಬಿಡಿಸಿ ನೋಡಿ: ಜ್ವಾಲೆಯ ಏರಿಕೆ ಮಂಕಿನ ಇಳಿಕೆಯನ್ನು ಎಷ್ಟು ಮುಚ್ಚಿಬಿಡುತ್ತದೆ, ಬಿಸಿ ರೇಖೆಯೊಂದನ್ನು ಆಧಾರವಾಗಿಟ್ಟು ಅದನ್ನು ಹೇಗೆ ಕಳೆಯಬೇಕು ಎಂಬುದು ಅಲ್ಲಿ ಕೈಗೆ ಹತ್ತುತ್ತದೆ.